ಜೇನು ಯಾರಿಗೆ ಮದ್ದು? ಯಾರಿಗೆ ಬೇಡ?



ಮಳೆಗಾಲ ಶುರುವಾಯಿತು. ನಮ್ಮ ತರಗತಿಯಲ್ಲೇ ಅರ್ಧ ಜನ ಸೊರ್ ಸೊರ್ ಅಂತ ಮೂಗು ಎಳೆಯುತ್ತಿದ್ದಾರೆ. ಅದಕ್ಕೇ ಈ ಸಲ ನಾನು ಜೇನಿನ ಬಗ್ಗೆ ಬರೆಯುತ್ತಿದ್ದೇನೆ. ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ.

ನನಗೆ ಐದು ತಿಂಗಳ ತಮ್ಮ ಇದ್ದಾನೆ. ಹೋದ ತಿಂಗಳು ನನಗೂ ಅವನಿಗೂ ಒಟ್ಟಿಗೇ ನೆಗಡಿ ಕೆಮ್ಮು ಬಂತು. ನಮ್ಮೂರು ಕೆಂಗೇರಿಯಿಂದ ಆಚೆ. ಅಲ್ಲಿ ಹೊಸ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ಕೆಳಗೆ ಹೆಜ್ಜೇನು ಕಟ್ಟಿತ್ತು. ಬಿಡಿಸಲು ಬಂದವರ ಹತ್ತಿರ ಅಜ್ಜಿ ಒಂದು ಬಾಟಲಿ ಜೇನು ಕೊಂಡಿದ್ದರು. ಅದನ್ನು ಬೆರಳಿಗೆ ಹಚ್ಚಿಕೊಂಡು ಪಾಪುವಿಗೆ ನೆಕ್ಕಿಸಲು ಹೊರಟರು. ಅದೇ ಹೊತ್ತಿಗೆ ಮಗು ನೋಡೋಕೆ ಆಶಾ ಅಕ್ಕ ಬಂದರು. "ಅಜ್ಜಿ, ತಡೀರಿ! ಒಂದು ವರ್ಷ ತುಂಬೋವರೆಗೂ ಜೇನು ಬೇಡ" ಎಂದರು. ಅಜ್ಜಿಗೆ ಬೇಜಾರಾಯಿತು. "ಇವರಪ್ಪನಿಗೂ ನಾನು ಇದನ್ನೇ ನೆಕ್ಕಿಸಿದ್ದು. ಏನಾಯ್ತು ಅವನಿಗೆ?" ಎಂದರು. ನನಗೆ ಯಾರು ಹೇಳಿದ್ದು ಸರಿ ಅಂತ ಗೊತ್ತಾಗಲಿಲ್ಲ. ಮಾರನೇ ದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು, ನಾನು ಓದಿ ತಿಳಿದದ್ದು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ನೆಗಡಿ ಯಾಕೆ ಬರುತ್ತದೆ? ನೆಗಡಿಗೆ ಕಾರಣ ವೈರಸ್. ಇದು ಬ್ಯಾಕ್ಟೀರಿಯಾಕ್ಕಿಂತ ತುಂಬಾ ಚಿಕ್ಕದು. ತಾನೇ ತಾನಾಗಿ ಬೆಳೆಯಲಾರದು. ನಮ್ಮ ಮೂಗು ಗಂಟಲಿನ ಜೀವಕೋಶದ ಒಳಗೆ ನುಗ್ಗಿ ಅಲ್ಲಿ ತನ್ನಂಥದ್ದೇ ಸಾವಿರಾರು ಮಾಡಿಕೊಳ್ಳುತ್ತದೆ. ಮಾಮೂಲಿ ನೆಗಡಿಯನ್ನು ನಮ್ಮ ದೇಹವೇ ಸುಮಾರು ಒಂದು ವಾರದಲ್ಲಿ ಓಡಿಸುತ್ತದೆ.

ಈಗ ಜೇನಿಗೆ ಬರೋಣ. ಜೇನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಸಕ್ಕರೆ, ಉಳಿದದ್ದು ಹೆಚ್ಚಿನಂಶ ನೀರು. ಅದು ಸ್ವಲ್ಪ ಆಮ್ಲವೂ ಹೌದು. ಜೇನುಹುಳು ಸೇರಿಸುವ ಒಂದು ಕಿಣ್ವದಿಂದ ಅದರಲ್ಲಿ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ಆದ್ದರಿಂದಲೇ ಜೇನಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ, ಜೇನು ಬೇಗ ಕೆಡಲ್ಲ.

ಹಾಗಾದರೆ ಜೇನು ವೈರಸ್ಸನ್ನೂ ಕೊಲ್ಲುತ್ತದೆಯೇ? 2014ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಫ್ಲೂ ವೈರಸ್ ಬಿಟ್ಟು ಜೇನು ಹಾಕಿ ನೋಡಿದರು. ವೈರಸ್ ಬೆಳೆಯುವುದು ಕಡಿಮೆಯಾಯಿತು. ಆದರೆ ಅದು ಗಾಜಿನ ತಟ್ಟೆಯಲ್ಲಿ ಆದ ಮಾತು. ಅಲ್ಲಿ ಜೇನು ನೇರವಾಗಿ ವೈರಸ್ ಮೇಲೆ ಬೀಳುತ್ತದೆ. ನಾವು ತಿಂದ ಜೇನು ಹೊಟ್ಟೆಗೆ ಹೋಗಿ ಸಕ್ಕರೆಯಾಗಿ ಜೀರ್ಣವಾಗುತ್ತದೆ. ಮೂಗಿನ ಜೀವಕೋಶದ ಒಳಗೆ ಕೂತಿರುವ ವೈರಸ್ಸಿಗೂ ಅದಕ್ಕೂ ಭೇಟಿಯೇ ಇಲ್ಲ!

ಹಾಗಂತ ಜೇನು ದಂಡ ಅಲ್ಲ. 2007ರಲ್ಲಿ ಅಮೆರಿಕದಲ್ಲಿ ಕೆಮ್ಮು ಇದ್ದ 105 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು. ಅವರಲ್ಲಿ ಯಾರೂ ಎರಡು ವರ್ಷಕ್ಕಿಂತ ಚಿಕ್ಕವರಲ್ಲ. ಮಲಗುವ ಅರ್ಧ ಗಂಟೆ ಮೊದಲು ಕೆಲವರಿಗೆ ಜೇನು ಕೊಟ್ಟರು, ಕೆಲವರಿಗೆ ಕೆಮ್ಮಿನ ಔಷಧಿ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಜೇನು ತಿಂದವರೇ ರಾತ್ರಿ ಚೆನ್ನಾಗಿ ಮಲಗಿದರು ಎಂದು ತಂದೆತಾಯಿ ಹೇಳಿದರು. ಅಂದರೆ ಜೇನು ಗಂಟಲಿಗೆ ಹಿತ, ಕೆಮ್ಮು ಕಡಿಮೆಯಾಗುತ್ತದೆ. ವೈರಸ್ಸನ್ನು ಓಡಿಸುವುದು ಮಾತ್ರ ನಮ್ಮ ದೇಹವೇ.

ಅರಿಶಿನದ ವಿಷಯವೂ ಹೀಗೇ. ಅದರಲ್ಲಿರುವ ಕರ್ಕ್ಯುಮಿನ್ ನಮ್ಮ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಜೊತೆಗೆ ಕಾಳುಮೆಣಸಿನ ಸಾರವಾದ ಪೈಪರಿನ್ ಕೊಟ್ಟರೆ ಎಷ್ಟೋ ಪಟ್ಟು ಹೆಚ್ಚು ಸೇರುತ್ತದೆ. ಇದನ್ನು ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, 1998ರಲ್ಲಿ. ಅಜ್ಜಿ ಅರಿಶಿನದ ಹಾಲಿಗೆ ಮೆಣಸು ಕುಟ್ಟಿ ಹಾಕುವುದು ನೆನಪಾಗಿ ನನಗೆ ಖುಷಿಯಾಯಿತು. ಆದರೂ ರಕ್ತಕ್ಕೆ ಸೇರಿತು ಅಂದರೆ ರೋಗ ವಾಸಿಯಾಯಿತು ಅಂತಲ್ಲ. 2020ರಲ್ಲಿ ಕೊರೋನಾ ಬಂದಾಗ ಮನೆಮನೆಯಲ್ಲೂ ಶುಂಠಿ, ಮೆಣಸು, ತುಳಸಿ ಕಷಾಯ ಕುದಿಯಿತು. ಬಿಸಿಬಿಸಿ ಕುಡಿದರೆ ಗಂಟಲಿಗೆ ಹಾಯ್ ಅನ್ನಿಸುತ್ತದೆ, ನಿಜ. ಆದರೆ ಬೆಳ್ಳುಳ್ಳಿ ತಿಂದರೆ ಕೊರೋನಾ ಬರಲ್ಲ ಎನ್ನುವುದಕ್ಕೆ ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಹೇಳಿತ್ತು.

ಇನ್ನು ಪಾಪುವಿಗೆ ಯಾಕೆ ಬೇಡ? ಮಣ್ಣಿನಲ್ಲಿ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಕೆಲವು ಸಲ ಅವು ಜೇನಿನಲ್ಲೂ ಸೇರಿರುತ್ತವೆ. ಜೇನಿನಲ್ಲಿ ಅವು ಬೆಳೆಯಲ್ಲ, ಆದರೆ ಸಾಯುವುದೂ ಇಲ್ಲ. ಸುಮ್ಮನೆ ಕುದಿಸಿದರೂ ಸಾಯಲ್ಲ. ನಮ್ಮಂಥ ದೊಡ್ಡ ಮಕ್ಕಳ ಕರುಳು ಅವನ್ನು ಬೆಳೆಯಲು ಬಿಡುವುದಿಲ್ಲ. ಹಸುಗೂಸಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಲ್ಲಿ ಅವು ಮೊಳೆತು ವಿಷ ಮಾಡುತ್ತವೆ. ಮಗುವಿಗೆ ಮಲಬದ್ಧತೆ ಆಗುತ್ತದೆ, ಹಾಲು ಚೀಪಲು ಆಗಲ್ಲ, ಅಳು ಸಣ್ಣಗಾಗುತ್ತದೆ, ಕತ್ತು ನಿಲ್ಲಲ್ಲ, ಉಸಿರೂ ಕಷ್ಟವಾಗಬಹುದು. ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದೇ 1976ರಲ್ಲಿ. ಅಜ್ಜಿ ಚಿಕ್ಕವರಿದ್ದಾಗ ಇದು ಯಾರಿಗೂ ತಿಳಿದಿರಲಿಲ್ಲ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ನಮ್ಮಪ್ಪನಿಗೆ ಆಗಲಿಲ್ಲ. ಆದರೆ ಯಾವ ಬಾಟಲಿಯಲ್ಲಿ ಆ ಬೀಜಕಣ ಇದೆ ಅಂತ ಕಣ್ಣಿಗೆ ಕಾಣುತ್ತದೆಯೇ?

ನೆನಪಿಡಿ:
1. ಒಂದು ವರ್ಷದೊಳಗಿನ ಮಗುವಿಗೆ ಜೇನು ಒಂದು ತೊಟ್ಟೂ ಬೇಡ. ಅಸಲಿ ಜೇನಾದರೂ ಬೇಡ.
2. ನಮಗೆ ಕೆಮ್ಮಿದ್ದರೆ ಮಲಗುವ ಮುಂಚೆ ಅರ್ಧದಿಂದ ಒಂದು ಟೀ ಚಮಚ ಸಾಕು. ಆಮೇಲೆ ಬಾಯಿ ಮುಕ್ಕಳಿಸಿ.
3. ಸಕ್ಕರೆ ಕಾಯಿಲೆ ಇರುವವರಿಗೆ ಜೇನೂ ಸಕ್ಕರೆಯೇ.
4. ಜ್ವರ ಬಿಡದಿದ್ದರೆ, ಏದುಸಿರು ಬಂದರೆ ಮನೆಮದ್ದು ನಂಬಿ ಕೂರಬೇಡಿ. ಆಸ್ಪತ್ರೆಗೆ ಹೋಗಿ.
5. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ, ಸೋಪು ಹಾಕಿ ಕೈ ತೊಳೆಯಿರಿ.

ಅಮ್ಮ ಪಾಪುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎದೆಹಾಲು ಬಿಡದೆ ಕುಡಿಸಿ, ಮೂಗಿಗೆ ಈ ಉಪ್ಪುನೀರಿನ ಡ್ರಾಪ್ಸ್ ಹಾಕಿ ಅಂದರು. ಒಂದು ವಾರದಲ್ಲಿ ಅವನು ಹುಷಾರಾದ. ನಾನು ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನಮಗೆ ಹೇಳೋರು ಯಾರಿದ್ರು?" ಎಂದರು. ಆಮೇಲೆ ಬಾಟಲಿಯನ್ನು ಮೇಲಿನ ಗೂಡಿನಲ್ಲಿಟ್ಟು, "ಇವನ ಹುಟ್ಟಿದಹಬ್ಬ ಆಗ್ಲಿ, ಆಮೇಲೆ ಕೊಡ್ತೀನಿ" ಎಂದರು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಪಾಪು ಇದ್ದರೆ ನೀವೂ ಇವತ್ತೇ ಹೋಗಿ ಹೇಳಿ.

— 7ನೇ ತರಗತಿಯ ವಿದ್ಯಾರ್ಥಿನಿ