ಕೀ ತಿರುಗಿದರೂ ಕಾರು ಏಳದಿದ್ದರೆ

ಕಾರಿನಲ್ಲಿ ಕೀ ತಿರುಗಿಸುವ ಜಾಗದಲ್ಲಿರುವುದು ಒಂದು ಸಾಮಾನಲ್ಲ, ಎರಡು. ಮುಂದಿನದು ಬೀಗ, ಅದರ ಬೆನ್ನಿಗಿರುವುದು ಕರೆಂಟು ಹಂಚುವ ಸ್ವಿಚ್ಚು. ಎಷ್ಟೋ ಹಳೆ ಕಾರುಗಳಲ್ಲಿ ಬೀಗ ಗಟ್ಟಿಯಾಗಿಯೇ ಇದ್ದು, ಸ್ವಿಚ್ಚು ಮಾತ್ರ ಕೈಕೊಟ್ಟಿರುತ್ತದೆ. ಇದು ತಿಳಿಯದೆ ಇಡೀ ಸೆಟ್ಟನ್ನೇ ಬದಲಿಸಿದರೆ ದುಡ್ಡು ಹೋಗುವುದಷ್ಟೇ ಅಲ್ಲ, ಬಾಗಿಲಿಗೊಂದು ಕೀ, ಎಂಜಿನ್ನಿಗೊಂದು ಕೀ ಎಂಬ ರಗಳೆಯೂ ಅಂಟಿಕೊಳ್ಳುತ್ತದೆ.

ಬ್ಯಾಟರಿಯಿಂದ ಬರುವ ದಪ್ಪ ತಂತಿಯೊಂದರಲ್ಲಿ ಸ್ವಿಚ್ಚಿಗೆ ಸದಾ ಕರೆಂಟು ಇರುತ್ತದೆ. ಕೀಯನ್ನು ಮೊದಲ ಹಂತಕ್ಕೆ ತಿರುಗಿಸಿದರೆ ರೇಡಿಯೊದಂಥವು, ‘ಆನ್’ಗೆ ತಂದರೆ ಇಗ್ನಿಷನ್ ಕಾಯಿಲ್ ಮತ್ತು ಮೀಟರುಗಳು, ‘ಸ್ಟಾರ್ಟ್’ಗೆ ಒತ್ತಿ ಹಿಡಿದರೆ ಸೆಲ್ಫ್ ಮೋಟಾರಿನ ಸೊಲೆನಾಯ್ಡ್ ಎಚ್ಚರಗೊಳ್ಳುತ್ತವೆ. ಕೈಬಿಟ್ಟೊಡನೆ ಸ್ಪ್ರಿಂಗು ಕೀಯನ್ನು ‘ಆನ್’ಗೆ ಮರಳಿಸುತ್ತದೆ. ಒಳಗಿನ ಪುಟ್ಟ ಲೋಹದ ತಗಡುಗಳು ಒಂದನ್ನೊಂದು ಮುಟ್ಟಿ ಬಿಡುವಾಗಲೆಲ್ಲ ಸಣ್ಣ ಕಿಡಿ ಹಾರಿ ಮೈ ಕಪ್ಪಾಗುತ್ತದೆ. ವರ್ಷಗಳು ಕಳೆದಂತೆ ಸಂಪರ್ಕ ಸಡಿಲಾಗಿ ಬಿಸಿಯೇರುತ್ತದೆ, ಬಿಸಿಗೆ ಸುತ್ತಲಿನ ಪ್ಲಾಸ್ಟಿಕ್ಕೂ ಮೆತ್ತಗಾಗುತ್ತದೆ.

ಕಾಸರಗೋಡು ಜಿಲ್ಲೆಯ ಹವೆ ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕರಾವಳಿಯಲ್ಲಿ ಉಪ್ಪುಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲೆಡೆ ಜಡಿಮಳೆಯ ತೇವ. ಸ್ವಿಚ್ಚಿಗೆ ತಂತಿಗಳು ಕೂಡುವ ಕಪ್ಲರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯಲು ಇಷ್ಟು ಸಾಕು. ಮನೆಯವರು ಕೊಲ್ಲಿಯಲ್ಲಿದ್ದು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತ ಕಾರಿಗಂತೂ ಬ್ಯಾಟರಿ ಇಳಿಯುವ ಕಷ್ಟವೂ ಸೇರುತ್ತದೆ.

ಅದಕ್ಕಾಗಿಯೇ ಮೊದಲು ನೋಡಬೇಕಾದ್ದು ಬ್ಯಾಟರಿಯನ್ನು. ಸ್ವಿಚ್ಚಿನ ಮೇಲೆ ಹೊರಿಸುವ ತಪ್ಪು ಬಹಳ ಸಲ ಅದರದ್ದಾಗಿರುವುದಿಲ್ಲ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ 10ರ ಆಸುಪಾಸಿಗಿಂತ ಕೆಳಗೆ ಕುಸಿಯಬಾರದು. ಟರ್ಮಿನಲ್ಲಿನ ಬಿಳಿ ಪುಡಿ, ಕಾರಿನ ಮೈಗೆ ಜೋಡಿಸಿದ ಅರ್ತಿನ ತಂತಿ, ಫ್ಯೂಸು, ಇವನ್ನೂ ನೋಡಿಯೇ ಮುಂದೆ ಹೋಗಬೇಕು.

ಸ್ವಿಚ್ಚು ಹಾಳಾದಾಗಿನ ಲಕ್ಷಣಗಳು ಬೇರೆ. ಸೆಲ್ಫ್ ಹೊಡೆಯುವಾಗ ಎಂಜಿನ್ ಹತ್ತಿಕೊಂಡು, ಕೀ ಬಿಟ್ಟ ಕ್ಷಣ ಆರಿಹೋಗುತ್ತದೆ. ಹೊಂಡಕ್ಕೆ ಇಳಿದಾಗ ಮೀಟರಿನ ದೀಪಗಳು ಒಮ್ಮೆ ಮಿನುಗಿ ಮಾಯವಾಗುತ್ತವೆ. ಕೀಯನ್ನು ತುಸು ಅಲುಗಾಡಿಸಿದರೆ ವೈಪರು ನಿಂತು ಮತ್ತೆ ಓಡುತ್ತದೆ. ಅನುಮಾನ ಖಚಿತಪಡಿಸಿಕೊಳ್ಳಲು ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್ ಬೇಕು. ಕಪ್ಲರು ಕೂತಿದ್ದಂತೆಯೇ ಅದರ ಹಿಂಬದಿಯಿಂದ ಒಂದೊಂದೇ ತಂತಿಯನ್ನು ಮುಟ್ಟಿ ನೋಡಬೇಕು. ಒಳಬರುವ ತಂತಿಯಲ್ಲಿ 12 ವೋಲ್ಟ್ ಇದ್ದು, ‘ಆನ್’ನಲ್ಲಿ ಇಗ್ನಿಷನ್ ತಂತಿಗೆ ಅದು ದಾಟದಿದ್ದರೆ ಅಥವಾ ಹೆಡ್‌ಲೈಟ್, ಬ್ಲೋವರ್ ಹಾಕಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಸೋರಿಹೋದರೆ ತಪ್ಪು ಸ್ವಿಚ್ಚಿನದೇ. ‘ಸ್ಟಾರ್ಟ್’ ತಂತಿಗೆ ಪೂರ್ತಿ ಕರೆಂಟು ತಲುಪಿಯೂ ಸೆಲ್ಫ್ ಸುಮ್ಮನಿದ್ದರೆ ದೋಷ ಮುಂದಿನದು: ಸೊಲೆನಾಯ್ಡ್, ಅರ್ತ್ ಅಥವಾ ಮೋಟಾರು.

ಸ್ವಿಚ್ಚಿನ ದೋಷವನ್ನು ಬರಿಯ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 2014ರಲ್ಲಿ ಕೋಬಾಲ್ಟ್ ಮುಂತಾದ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿತು. ಕೀ ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಸ್ವಿಚ್ಚು ‘ಆನ್’ನಿಂದ ಜಾರಿ, ಓಡುತ್ತಿರುವಾಗಲೇ ಎಂಜಿನ್ ನಿಂತು, ಅಪಘಾತವಾದರೆ ಏರ್‌ಬ್ಯಾಗೂ ತೆರೆಯದೆ ಹೋಗುತ್ತಿತ್ತು. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಹಳೆ ಕಾರಿನ ಕೀಗೆ ಮನೆ, ಗೋದಾಮಿನ ಕೀಗಳನ್ನೆಲ್ಲ ಪೋಣಿಸದಿರಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬದಲಿಸುವ ಕೆಲಸ ಬ್ಯಾಟರಿಯ ನೆಗೆಟಿವ್ ತಂತಿ ಕಳಚುವುದರಿಂದ ಶುರು. ಏರ್‌ಬ್ಯಾಗ್ ಇರುವ ಕಾರಾದರೆ ತಿಳಿದ ಮೆಕ್ಯಾನಿಕ್ಕಿಗೇ ಒಪ್ಪಿಸುವುದು ಲೇಸು. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂಥ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗಿನ ಕವರು ತೆಗೆದರೆ ಬೀಗದ ಹಿಂದೆ ಸ್ವಿಚ್ಚು ಕಾಣುತ್ತದೆ; ಸ್ಕ್ರೂ ಬಿಚ್ಚಿ, ಕಪ್ಲರು ಕಳಚಿ ಅದನ್ನಷ್ಟೇ ಹೊರತೆಗೆಯಬಹುದು. ಇಡೀ ಬೀಗವನ್ನು ಇಳಿಸಬೇಕಾದರೆ ಮಾತ್ರ ಕಷ್ಟ: ಕಳ್ಳರ ಕಾಟ ತಪ್ಪಿಸಲೆಂದು ಅದರ ಬೋಲ್ಟುಗಳ ತಲೆಯನ್ನು ಬಿಗಿಯುವಾಗಲೇ ಮುರಿದಿರುತ್ತಾರೆ. ಡ್ಯಾಶ್‌ಬೋರ್ಡಿನಲ್ಲೇ ಸ್ವಿಚ್ಚಿರುವ ಹಳೆ ಅಂಬಾಸಡರ್, ಜೀಪುಗಳಲ್ಲಿ ಮುಂದಿನ ಉಂಗುರದಂಥ ನಟ್ಟು ಬಿಚ್ಚಿ ಹಿಂದಿನಿಂದ ಎಳೆದುಕೊಳ್ಳುವುದು ರೂಢಿ. ಅಲ್ಲಿ ತಂತಿಗಳು ಬಿಡಿಬಿಡಿಯಾಗಿರುವುದರಿಂದ ಕಳಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಡಬೇಕು. ಕಪ್ಲರಿನ ಪಿನ್ನು ಸುಟ್ಟು ಕಪ್ಪಾಗಿದ್ದರೆ ಅದನ್ನೂ ಬದಲಿಸಲೇಬೇಕು. ಇಲ್ಲವಾದರೆ ಹೊಸ ಸ್ವಿಚ್ಚೂ ಬೇಗ ಬೇಯುತ್ತದೆ. ಸೆಲ್ಫಿಗೆ ರಿಲೇ ಇಲ್ಲದ ಗಾಡಿಗೆ ಒಂದು ರಿಲೇ ಹಾಕಿಸಿದರೆ ಸ್ವಿಚ್ಚಿನ ಮೇಲಿನ ಭಾರ ಬಹಳ ಇಳಿಯುತ್ತದೆ. ತಂತಿ ಜೋಡಿಸಿ ‘ಡೈರೆಕ್ಟ್’ ಮಾಡಿ ಓಡಿಸುವ ಅಡ್ಡದಾರಿ ಮಾತ್ರ ಬೇಡ. ಬಿಸಿಯೇರಿದ ವಯರಿಂಗ್ ಬೆಂಕಿ ಹಿಡಿಯಬಹುದು, ಸ್ಟಿಯರಿಂಗ್ ಲಾಕ್ ಬೀಳಲೂಬಹುದು.

ಹೊಸದು ಕೂತ ಮೇಲೆ ಎಲ್ಲ ಹಂತಗಳಲ್ಲೂ ಕೀ ತಿರುಗಿಸಿ ನೋಡಬೇಕು. ಸ್ಟಿಯರಿಂಗ್ ಲಾಕ್ ಪೂರ್ತಿ ಬಿಡುತ್ತದೆಯೇ, ‘ಸ್ಟಾರ್ಟ್’ನಿಂದ ಕೀ ತಾನಾಗಿ ಮರಳುತ್ತದೆಯೇ ಎಂಬುದು ಮುಖ್ಯ. ಮರಳದಿದ್ದರೆ ಎಂಜಿನ್ ಎದ್ದ ಮೇಲೂ ಸೆಲ್ಫ್ ತಿರುಗುತ್ತಲೇ ಇದ್ದು ಸುಟ್ಟುಹೋಗುತ್ತದೆ.