ಏರಿ ಇಳಿದರೆ ಇನ್ನೊಂದು ಕೆರೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೊರಟರೆ ದಾರಿಯುದ್ದಕ್ಕೂ ಕೆರೆಗಳು. ಒಂದರ ಏರಿ ದಾಟುವಷ್ಟರಲ್ಲಿ ಇನ್ನೊಂದರ ಅಂಗಳ ಶುರುವಾಗಿರುತ್ತದೆ. ಕೆಲವು ಊರಿಗಿಂತ ದೊಡ್ಡವು, ಕೆಲವು ನಾಲ್ಕಾರು ಗದ್ದೆಗೆ ನೀರುಣಿಸುವ ಕಟ್ಟೆಗಳು. ಪೂರ್ತಿ ಮಲೆನಾಡೂ ಆಗದ, ಬಯಲುಸೀಮೆಯೂ ಆಗದ ಈ ನೆಲದಲ್ಲಿ ಮುಂಗಾರು ಸುರಿದು ಹೋದ ಮೇಲೆ ಗದ್ದೆಗೂ ದನಕರುಗಳಿಗೂ ಇವೇ ದಿಕ್ಕು.

ಇದೇ ಸೀಮೆಯ ತಾಳಗುಂದದ ಪ್ರಣವೇಶ್ವರ ದೇಗುಲದ ಮುಂದಿನ ಕಲ್ಲುಕಂಬವನ್ನು ಕದಂಬರ ಮೂಲ ಹೇಳುವ ಶಾಸನವೆಂದೇ ನಾವು ಓದಿಕೊಂಡು ಬಂದಿದ್ದೇವೆ. ಆದರೆ 5ನೇ ಶತಮಾನದಲ್ಲಿ ಕುಬ್ಜ ಕವಿ ಅದನ್ನು ರಚಿಸಲು ನೆಪವಾದದ್ದು ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಕೆರೆ. ಕಟ್ಟಿಸಿದವರು ಅರಸರಾದರೂ ಕಾಪಾಡಿದ್ದು ಊರವರೇ. ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ಮಾತುಗಳು ಕೆರೆಯ ಕೆಲಸಕ್ಕೆಂದೇ ಊರು ಎತ್ತಿಟ್ಟ ಆದಾಯವನ್ನೂ ಭೂಮಿಯನ್ನೂ ಹೇಳುತ್ತವೆ.

ಇವತ್ತು 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯವು ಪಂಚಾಯತ್ ವ್ಯವಸ್ಥೆಗೆ ಸೇರುತ್ತವೆ. ಈ ಎರಡು ತಾಲ್ಲೂಕುಗಳಲ್ಲಿ ಸಣ್ಣ ಕೆರೆಗಳೇ ಹೆಚ್ಚಾದ್ದರಿಂದ ಇಲ್ಲಿಯ ನೀರಿನ ಹಣೆಬರಹ ಬಹುಪಾಲು ಪಂಚಾಯ್ತಿಗಳ ಕೈಯಲ್ಲಿದೆ. ಸಂವಿಧಾನದ 11ನೇ ಅನುಸೂಚಿಯಲ್ಲೂ ಸಣ್ಣ ನೀರಾವರಿ, ಜಲಾನಯನ, ಕುಡಿಯುವ ನೀರು, ಮೀನುಗಾರಿಕೆ ಪಂಚಾಯ್ತಿಗಳಿಗೆ ವಹಿಸಬಹುದಾದ ವಿಷಯಗಳು.

ಮೀನೆಂದರೆ ಇಲ್ಲಿ ಕೆರೆಬೇಟೆ. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದಾಗ ಸುತ್ತಲ ಹಳ್ಳಿಯವರು ಮೀನು ಹಿಡಿಯುವ ಬಿದಿರಿನ ಬುಟ್ಟಿ, ಅಂದರೆ ಕೂಣಿ ಹೊತ್ತು ಏರಿಯ ಮೇಲೆ ಸಾಲುಗಟ್ಟುತ್ತಾರೆ. ಕೂಣಿಗೆ ಇಷ್ಟು ಎಂದು ಊರಿಗೆ ಹಣ ಕಟ್ಟಬೇಕು. ಸೂಚನೆ ಸಿಕ್ಕಿದ್ದೇ ಎಲ್ಲರೂ ಒಟ್ಟಿಗೆ ನೀರಿಗೆ. ಕೂಣಿಯನ್ನು ಕೆಸರಿಗೊತ್ತಿ, ಮೇಲಿನ ಬಾಯಿಂದ ಕೈ ಇಳಿಸಿ ಮೀನು ತಡಕುತ್ತಾರೆ. ಆ ಹೊತ್ತಿಗೆ ಹೂಳು ಎಲ್ಲಿ ಎಷ್ಟಿದೆ ಎಂಬುದು ನೂರಾರು ಜನರ ಕಾಲಿಗೇ ತಿಳಿಯುತ್ತದೆ. ಜೋಳವೋ ಶುಂಠಿಯೋ ಅಡಿಕೆಯೋ ಅಂಗಳದೊಳಕ್ಕೆ ಎಷ್ಟು ಒತ್ತಿ ಬಂದಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಪಂಚಾಯ್ತಿ ಒಂದು ಗ್ರಾಮಸಭೆಯನ್ನು ಅದೇ ವಾರ, ಅದೇ ಏರಿಯ ಮೇಲೆ ಕರೆಯಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಹೂಳೆತ್ತುವ, ಸರ್ವೆ ಮಾಡಿಸುವ, ಗಡಿಗೆ ಅಗಳು ತೋಡುವ ಮಾತಿಗೆ ಅಷ್ಟು ಸಾಕ್ಷಿಗಳು ಬೇರೆ ದಿನ ಸಿಗಲಾರರು. ಕೂಣಿಯ ಹಣದಲ್ಲಿ ಒಂದು ಪಾಲು ತೂಬಿನ ರಿಪೇರಿಗೆ ನಿಂತರೆ ಅದೇ ಇಂದಿನ ಬಿತ್ತುವಟ್ಟ.

ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸುವ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿಯಂಥ ದೊಡ್ಡ ಯೋಜನೆ ಶಿಕಾರಿಪುರ ತಾಲ್ಲೂಕಿಗೆ ಬಂದಿದೆ. ಮಳೆ ಕೈಕೊಟ್ಟ ವರ್ಷ ಅದರ ಬೆಲೆ ರೈತರಿಗೆ ಗೊತ್ತು. ಆದರೆ ಪೈಪು ತಂದು ಸುರಿದ ನೀರು ಸೋರುವ ತೂಬಿನಲ್ಲಿ ಹರಿದುಹೋದರೆ ಕರೆಂಟಿನ ಖರ್ಚಷ್ಟೇ ಉಳಿದೀತು. ಇಲ್ಲಿಯ ಕೆರೆಗಳು ಸರಣಿಯಲ್ಲಿವೆ. ಮೇಲಿನದರ ಕೋಡಿ ಬಿದ್ದ ನೀರು ಕೆಳಗಿನದಕ್ಕೆ, ಕೊನೆಗೆ ಶಿಕಾರಿಪುರದ ಕಡೆ ಕುಮುದ್ವತಿಗೆ, ಸೊರಬದ ಕಡೆ ದಂಡಾವತಿಗೆ, ವರದೆಗೆ. ಒಂದು ಪಂಚಾಯ್ತಿಯಲ್ಲಿ ಕೋಡಿಹಳ್ಳ ಮುಚ್ಚಿದರೆ ಪಕ್ಕದ ಪಂಚಾಯ್ತಿಯ ಗದ್ದೆ ಒಣಗುತ್ತದೆ. ಆದ್ದರಿಂದ ಒಂದೇ ಸರಣಿಯ ಪಂಚಾಯ್ತಿಗಳು ಮುಂಗಾರಿಗೆ ಮುಂಚೆ ಒಟ್ಟಿಗೆ ಕೂರಬೇಕು, ಮೇಲಿನ ಕೆರೆಯಿಂದ ಕೆಳಗಿನ ಕೆರೆವರೆಗೆ ಹಳ್ಳದಗುಂಟ ನಡೆದು ನೋಡಬೇಕು. ಮೇ ತಿಂಗಳ ಒಂದು ಬೆಳಿಗ್ಗೆ ಸಾಕು.