ಕಟ್ಟುವ ವೇಷ, ತೊಡುವ ಬಟ್ಟೆ

ಒಂದು ಸಮುದಾಯದ ಉಡುಗೆ, ಆಭರಣ ಅಥವಾ ಆರಾಧನೆಯ ಚಿಹ್ನೆಗಳನ್ನು ಹೊರಗಿನವರು, ಅದರಲ್ಲೂ ಹೆಚ್ಚು ಹಣ ಮತ್ತು ಪ್ರಭಾವ ಉಳ್ಳವರು, ಆ ಸಮುದಾಯದ ಒಪ್ಪಿಗೆ ಪಡೆಯದೆ, ಅವುಗಳ ಅರ್ಥವನ್ನು ಬದಿಗಿಟ್ಟು ಬಳಸಿಕೊಳ್ಳುವುದನ್ನು ‘ಸಾಂಸ್ಕೃತಿಕ ಸ್ವಾಧೀನ’ ಎನ್ನಬಹುದು. ಅಮೆರಿಕದ ವಿಕ್ಟೋರಿಯಾಸ್ ಸೀಕ್ರೆಟ್ ಎಂಬ ಒಳಉಡುಪು ಕಂಪನಿ 2012ರಲ್ಲಿ ಅಲ್ಲಿನ ಮೂಲನಿವಾಸಿಗಳ ಗರಿಯ ಕಿರೀಟವನ್ನು ರೂಪದರ್ಶಿಯೊಬ್ಬರ ತಲೆಗೇರಿಸಿ, ಪ್ರತಿಭಟನೆ ಎದ್ದ ಮೇಲೆ ಕ್ಷಮೆ ಕೇಳಿದ್ದು ಇದರ ಹೆಸರಾಂತ ಉದಾಹರಣೆ. ಕರ್ನಾಟಕದಲ್ಲಿ ಈ ಪ್ರಶ್ನೆ ಇತ್ತೀಚೆಗೆ ತೀವ್ರವಾಗಿ ಎದ್ದದ್ದು ಗಾಂಧಿನಗರದ ಮೂಲಕ, ಅಂದರೆ ಕನ್ನಡ ಚಿತ್ರೋದ್ಯಮಕ್ಕೇ ಇನ್ನೊಂದು ಹೆಸರಾಗಿಬಿಟ್ಟಿರುವ ಬೆಂಗಳೂರಿನ ಹಳೆಯ ಬಡಾವಣೆಯ ಮೂಲಕ.

2022ರ ಸೆಪ್ಟೆಂಬರ್ 30ರಂದು ತೆರೆಕಂಡ, ರಿಷಬ್ ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಕಾಂತಾರ’ ಕರಾವಳಿಯ ತುಳುನಾಡಿನ ಪಂಜುರ್ಲಿ, ಗುಳಿಗ ಎಂಬ ದೈವಗಳನ್ನು ದೇಶಕ್ಕೆಲ್ಲ ಪರಿಚಯಿಸಿತು. ಅದರ ಬೆನ್ನಿಗೇ ಶಾಲಾ ವಾರ್ಷಿಕೋತ್ಸವಗಳಲ್ಲಿ, ಮೆರವಣಿಗೆಗಳಲ್ಲಿ, ಮೊಬೈಲ್ ರೀಲ್ಸ್‌ಗಳಲ್ಲಿ ದೈವದ ವೇಷ ಕಾಣಿಸಿಕೊಳ್ಳತೊಡಗಿತು. 2025ರ ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ಬಿಡುಗಡೆಯಾದಾಗ ಅಭಿಮಾನಿಗಳು ಚಿತ್ರಮಂದಿರಗಳಿಗೇ ವೇಷ ಧರಿಸಿ ಬಂದುದರಿಂದ, ದೈವದ ಅನುಕರಣೆ ಬೇಡವೆಂದು ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಬಹಿರಂಗವಾಗಿ ಮನವಿ ಮಾಡಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಗೋವಾದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ವೇದಿಕೆಯಲ್ಲಿ ಚಿತ್ರದ ದೈವಾವೇಶದ ದೃಶ್ಯವನ್ನು ಅನುಕರಿಸಿದ ಹಿಂದಿ ನಟ ರಣವೀರ್ ಸಿಂಗ್, ಆಕ್ಷೇಪಗಳು ಬಂದ ನಂತರ ಕ್ಷಮೆ ಕೇಳಿದರು.

ಕರಾವಳಿಯ ಜನ ಇಷ್ಟು ನೊಂದುಕೊಂಡದ್ದೇಕೆಂದು ತಿಳಿಯಲು ಆ ವೇಷ ಸಿದ್ಧವಾಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ದೈವವನ್ನು ಆವಾಹಿಸಿ ಆರಾಧಿಸುವ ‘ಕೋಲ’ದ ದಿನ ದೈವ ಕಟ್ಟುವವನಿಗೆ ಮೊದಲು ‘ಎಣ್ಣೆಬೂಳ್ಯ’ ಕೊಡುತ್ತಾರೆ, ಅಂದರೆ ಎಣ್ಣೆಯನ್ನೂ ವೀಳ್ಯವನ್ನೂ ಕೊಟ್ಟು ಅವನನ್ನು ಆ ರಾತ್ರಿಯ ಕರ್ತವ್ಯಕ್ಕೆ ನೇಮಿಸುತ್ತಾರೆ. ಅವನು ಮಿಂದು ಬಂದು ಅರದಾಳದ ಹಳದಿಯನ್ನು ಮುಖಕ್ಕೆ ಬಳಿದುಕೊಂಡು, ಅದರ ಮೇಲೆ ಕೆಂಪು, ಕಪ್ಪು ಗೆರೆಗಳನ್ನು ಎಳೆಯುತ್ತಿರುವಾಗ, ಅವನ ಮನೆಯ ಹೆಣ್ಣುಮಕ್ಕಳು ತೆಂಬರೆ ಎಂಬ ಪುಟ್ಟ ಚರ್ಮವಾದ್ಯವನ್ನು ಬಡಿಯುತ್ತ ಆ ದೈವದ ಹುಟ್ಟು, ಪಯಣ, ಕಾರಣಿಕಗಳನ್ನು ಹೇಳುವ ‘ಪಾಡ್ದನ’ವನ್ನು ಹಾಡುತ್ತಾರೆ. ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ ಬರುತ್ತದೆ, ಬೆನ್ನಿಗೆ ‘ಅಣಿ’ ಎಂಬ ಪ್ರಭಾವಳಿ ಏರುತ್ತದೆ. ಆದರೆ ಕಾಲಿಗೆ ಕಟ್ಟುವ ‘ಗಗ್ಗರ’ವನ್ನು, ಅಂದರೆ ಒಳಗೆ ಗುಂಡುಗಳಿರುವ ಲೋಹದ ದಪ್ಪ ಕಡಗವನ್ನು, ನೆರೆದ ಹಿರಿಯರ ಅಪ್ಪಣೆ ಕೇಳಿಯೇ ಕಟ್ಟಿಕೊಳ್ಳಬೇಕು. ಈ ವೇಷವನ್ನು ತುಳುನಾಡಿನಲ್ಲಿ ತೊಡುವುದು ಎನ್ನುವುದಿಲ್ಲ, ಕಟ್ಟುವುದು ಎನ್ನುತ್ತಾರೆ, ಮತ್ತು ಆ ಮಾತಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ಕಟ್ಟುಪಾಡಿದೆ.

ಈ ಹಕ್ಕು ಪರಂಪರೆಯಿಂದ ನಲಿಕೆ, ಪಂಬದ, ಪರವ ಸಮುದಾಯಗಳದ್ದು. ಪರಿಶಿಷ್ಟ ಜಾತಿಗೆ ಸೇರಿದ ಇವರ ಮುಂದೆ ಕೋಲದ ರಾತ್ರಿ ಗುತ್ತಿನ, ಅಂದರೆ ಊರಿನ ಪ್ರಮುಖ ಮನೆತನದ, ಯಜಮಾನನೂ ಕೈಮುಗಿದು ನಿಂತು ದೈವದ ನುಡಿ ಕೇಳುತ್ತಾನಾದರೂ, ಬಣ್ಣ ಒರೆಸಿದ ಬೆಳಗ್ಗೆ ಅದೇ ಮನೆಯ ಒಳಗೆ ಅವರಿಗೆ ಪ್ರವೇಶವಿಲ್ಲದ ಕಾಲವೇ ದೀರ್ಘವಾಗಿತ್ತು. ಹೀಗಾಗಿ ಈ ವಿವಾದವನ್ನು ‘ಭಾವನೆಗೆ ಧಕ್ಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸಾಲದು. ದೈವದ ಗೌರವಕ್ಕಾಗಿ ದೊಡ್ಡ ದನಿಯಲ್ಲಿ ವಾದಿಸುವವರು ದೈವ ಕಟ್ಟುವವನ ಗೌರವ, ಸಂಭಾವನೆ, ಮುಪ್ಪಿನ ಬದುಕುಗಳ ಬಗ್ಗೆಯೂ ಅಷ್ಟೇ ದನಿ ಎತ್ತಬೇಕು. 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಪ್ರಕಟಿಸಿದ್ದೂ ಮೊದಲ ‘ಕಾಂತಾರ’ ಗೆದ್ದ ನಂತರ, 2022ರ ಅಕ್ಟೋಬರಿನಲ್ಲಿ.

ಹಾಗೆಂದು ಎರವಲೆಲ್ಲವೂ ಅಪರಾಧವಲ್ಲ. ಇಳಕಲ್ ಸೀರೆಯನ್ನು ಯಾರು ಉಟ್ಟರೂ ನೇಕಾರನಿಗೆ ಲಾಭವೇ. ಇಟಲಿಯ ಪ್ರಾಡಾ ಕಂಪನಿ 2025ರ ಜೂನ್‌ನಲ್ಲಿ ಕೊಲ್ಹಾಪುರಿ ಚಪ್ಪಲಿಯ ಮಾದರಿಯನ್ನು ಮೂಲದ ಹೆಸರು ಹೇಳದೆ ಪ್ರದರ್ಶಿಸಿದಾಗ ಎದ್ದ ದೂರು ಹೆಸರು ಮತ್ತು ಹಣಕ್ಕೆ ಸಂಬಂಧಿಸಿದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ 2019ರಿಂದ ಆ ಚಪ್ಪಲಿಯ ಭೌಗೋಳಿಕ ಸೂಚಿಕೆಯಲ್ಲಿ, ಅಂದರೆ ಊರಿನ ಹೆಸರಿಗೆ ದೊರೆತ ಕಾನೂನಿನ ರಕ್ಷಣೆಯಲ್ಲಿ, ಪಾಲುದಾರರಾಗಿರುವುದರಿಂದ ಅದು ಕನ್ನಡ ಚಮ್ಮಾರರ ದೂರೂ ಹೌದು. ಅಲ್ಲಿ ಹೆಸರು ಹೇಳಿ ಪಾಲು ಕೊಟ್ಟರೆ ನ್ಯಾಯ ದೊರೆಯುತ್ತದೆ. ಅಣಿ ಮತ್ತು ಗಗ್ಗರ ಮಾರಾಟದ ವಸ್ತುಗಳಲ್ಲದ ಕಾರಣ ಆ ಪರಿಹಾರ ಇಲ್ಲಿ ಹೊಂದುವುದಿಲ್ಲ. ಬೆಂಗಳೂರಿಗರಿಗೆ ಇದು ಅಪರಿಚಿತ ವಿಚಾರವೇನಲ್ಲ: ಗಾಂಧಿನಗರದಿಂದ ಹೆಚ್ಚು ದೂರವಿಲ್ಲದ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಸೀರೆಯುಟ್ಟು, ಮಲ್ಲಿಗೆ ಮುಡಿದು ಕರಗ ಹೊತ್ತು ಹೊರಡುವ ತಿಗಳ ಸಮುದಾಯದ ಪೂಜಾರಿಯ ವೇಷವನ್ನು ಈ ಊರಿನವರು ಮೋಜಿಗೆ ಧರಿಸುವುದಿಲ್ಲ.

ಸಿನಿಮಾ ಮಾಡಿದ್ದೇ ತಪ್ಪೆಂಬ ವಾದವೂ ನಿಲ್ಲದು, ಏಕೆಂದರೆ ಕಥೆಯೊಳಗೆ ದೈವಕ್ಕೊಂದು ನೆಲೆಯಿದೆ, ನೆಲವಿದೆ, ನಂಬುವ ಜನರಿದ್ದಾರೆ. ಚಿತ್ರಮಂದಿರದ ಅಂಗಳದಲ್ಲಿ ಕುಣಿಯುವ ವೇಷಕ್ಕೆ ಇವುಗಳಲ್ಲಿ ಒಂದೂ ಇಲ್ಲ. ವೇಷ ಕಟ್ಟಲು ಕಾಲದ ಕಟ್ಟುಪಾಡೂ ಉಂಟು: ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯಂದು ಬಿಚ್ಚಿಟ್ಟ ಗಗ್ಗರವನ್ನು ವಾಡಿಕೆಯಂತೆ ದೀಪಾವಳಿ ಕಳೆಯುವ ತನಕ ಕಟ್ಟುವುದಿಲ್ಲ. 2025ರ ದೀಪಾವಳಿ ಬಂದದ್ದು ಅಕ್ಟೋಬರ್ 20ರ ಹೊತ್ತಿಗೆ. ಅಭಿಮಾನಿಗಳು ಚಿತ್ರಮಂದಿರಗಳಲ್ಲಿ ದೈವದ ವೇಷ ತೊಟ್ಟು ಕುಣಿದ ಆ ವಾರಗಳಲ್ಲಿ, ವಾಡಿಕೆಯ ಪ್ರಕಾರ ಅದನ್ನು ಕಟ್ಟುವ ಹಕ್ಕುಳ್ಳವರೇ ಅದನ್ನು ಮುಟ್ಟುವಂತಿರಲಿಲ್ಲ.